ಒಂದು ಪಾಸ್‌ವರ್ಡಿಗೆ ನಾಲ್ಕು ಕೈ

ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೂ ಕುಮಟೆಯ ಕಾಲೇಜೊಂದರ ಅಷ್ಟೂ ಕೋಣೆಗಳಿಗೆ ನೆಟ್‌ವರ್ಕಿನ ಕೇಬಲ್ ಎಳೆದದ್ದು ಈ ಕೈಗಳೇ. ಭಟ್ಕಳ, ಜಾಲಿಯ ಮನೆಮನೆಗೆ ಟಿವಿ ಕೇಬಲ್ ಎಳೆಯುತ್ತ ಕಲಿತ ಕೆಲಸ. ಗೋಡೆ ಕೊರೆದ ಧೂಳು ಗುಡಿಸದೆ ಒಂದು ಮನೆಯಿಂದಲೂ ಹೊರಗೆ ಬಂದವನಲ್ಲ. ಈಗ ವಿದ್ಯಾರ್ಥಿಗಳನ್ನು ನೆಟ್‌ವರ್ಕಿನೊಳಗೆ ಬಿಡುವುದೂ ತಡೆಯುವುದೂ ನನ್ನದೇ ಕೆಲಸ. ಒಬ್ಬರಿಗೆ ಒಂದು ಹೆಸರು, ಒಂದು ಪಾಸ್‌ವರ್ಡು. ಒಂದೇ ಹೆಸರಿನಲ್ಲಿ ಹಲವು ಮೊಬೈಲು ಒಳಗೆ ಬಂದರೆ ಆ ಹೆಸರು ಮುಚ್ಚಬೇಕು. ಯಾರ ಮಕ್ಕಳಾದರೂ ಮುಚ್ಚುತ್ತೇನೆ.

ಕಳೆದ ಮಳೆಗಾಲದ ಕೊನೆಗೆ ಹಾಗೆ ಮುಚ್ಚಿದ್ದು ಕಡಲದಂಡೆಯ ಕೇರಿಯ ಒಬ್ಬ ಹುಡುಗಿಯ ಹೆಸರು. ಮರುದಿನ ಬೆಳಿಗ್ಗೆ ತಾಯಿಯನ್ನು ಕರೆದುಕೊಂಡು ಕಾಲೇಜಿನ ನನ್ನ ಕೋಣೆಯ ಬಾಗಿಲಿಗೇ ಬಂದಳು. ತಾಯಿ ಮೀನು ಮಾರುವವಳು.

“ಎಂತ ತಮ್ಮಾ, ನನ್ನ ಮಗಳು ಎಂತ ಕದ್ದಿದೆ ಅಂತ ಬಾಗ್ಲು ಹಾಕ್ದೆ?”

“ಕದ್ದದ್ದಲ್ಲ ಅಕ್ಕಾ. ಪಾಸ್‌ವರ್ಡು ಊರಿಗೆಲ್ಲಾ ಹಂಚಿದೆ.”

“ಊರಿಗಲ್ಲ, ಮೂರೇ ಜನಕ್ಕೆ,” ಎಂದಳು ಹುಡುಗಿ.

ಅವಳೂ ಮೂವರು ಗೆಳೆಯರೂ ಸೇರಿ ದೋಣಿಯವರಿಗೆ ಗಾಳಿ, ಅಲೆಯ ಸುದ್ದಿಯನ್ನು ಕನ್ನಡದಲ್ಲಿ ಓದಿ ಹೇಳುವ ಆ್ಯಪ್ ಮಾಡುತ್ತಿದ್ದರು. ಅದನ್ನು ಆ ಸಂಜೆಯೊಳಗೆ ಕಾಲೇಜಿನ ನೆಟ್‌ವರ್ಕಿನಿಂದಲೇ ವಿಶ್ವವಿದ್ಯಾಲಯದ ಸ್ಪರ್ಧೆಗೆ ಕಳಿಸಬೇಕು. ತಪ್ಪಿದರೆ ಇಷ್ಟು ದಿನದ ದುಡಿಮೆ ನೀರಿಗೆ. ಉಳಿದ ಮೂವರು ಕಾಲೇಜಿಗೆ ತಡವಾಗಿ ಸೇರಿದವರು, ಅವರ ಹೆಸರು ಕಚೇರಿಯಿಂದ ನನಗಿನ್ನೂ ಬಂದಿರಲಿಲ್ಲ. ಹಾಗಾಗಿ ತನ್ನದನ್ನೇ ಕೊಟ್ಟಿದ್ದಳು.

“ಕೇಳಿದ ಕೂಡ್ಲೆ ಕೊಟ್ಟೇ ಬಿಡೂದನೇ?” ಎಂದೆ.

ಉತ್ತರ ತಾಯಿಯಿಂದ ಬಂತು. “ರಂಪಣಿ ಬಲೆ ದಂಡೆಗೆ ಎಳೂಕೆ ಹಗ್ಗಕ್ಕೆ ಕೈ ಹಾಕ್ದವ್ರಿಗೆಲ್ಲಾ ನಮ್ಮಲ್ಲಿ ಪಾಲು ಉಂಟು. ಕೆಲ್ಸಕ್ಕೆ ಬಾ, ಪಾಲು ಕೇಳ್ಬೇಡ ಅಂದ್ರೆ ಹ್ಯಾಂಗೆ?”

“ಬಲೆಗೆ ಸರಿ. ಇಲ್ಲಿ ಆ ಮೂವರಲ್ಲಿ ಒಬ್ಬ ಕಿತಾಪತಿ ಮಾಡಿದ್ರೆ ಪೊಲೀಸ್ರು ಬರೂದು ನಿನ್ನ ಮಗಳ ಹೆಸ್ರು ಹಿಡ್ಕಂಡು.”

ತಾಯಿ ಗಕ್ಕನೆ ಮಗಳ ಕಡೆ ತಿರುಗಿದಳು. “ಹೌದನೇ? ಅದ್ನ ಎಂತಕ್ಕೆ ಹೇಳ್ಲಿಲ್ಲ ನೀನು?”

ಹುಡುಗಿಯ ಕಣ್ಣು ತುಂಬಿತ್ತು. ನಾನು ಕಂಪ್ಯೂಟರ್ ವಿಭಾಗದ ಮೇಡಂ ಹತ್ತಿರ ಹೋದೆ. ಶಿಸ್ತು ಸಮಿತಿ ಸೇರುವವರೆಗೆ ಅವಳ ಹೆಸರು ತೆರೆಯುವಂತಿಲ್ಲ ಎಂದರು. ಅದು ನನಗೂ ಒಪ್ಪಿಗೆಯೇ.

“ಹೊರಗಿನಿಂದ ಭಾಷಣಕ್ಕೆ ಬಂದವರಿಗೆ ಒಂದು ದಿನದ ಪ್ರವೇಶ ಕೊಡ್ತೇವಲ್ಲ ಮೇಡಂ. ಈ ನಾಲ್ವರಿಗೂ ಅವರವರ ಹೆಸ್ರಲ್ಲೇ ಕೊಡುವ. ಮುಗಿಯೂವರೆಗೆ ನಾನೇ ಎದುರು ಕೂತಿರ್ತೆ.”

ಮೇಡಂ ನಾಲ್ವರ ಹೆಸರನ್ನೂ ಬರೆದುಕೊಂಡರು. “ಆತು. ಏನಾದ್ರೂ ಆದ್ರೆ ಮೊದಲು ನಿಮ್ಮನ್ನೇ ಕೇಳೋದು.”

“ಕೇಳಿ.”

ನಾಲ್ವರನ್ನೂ ಲ್ಯಾಬಿನಲ್ಲಿ ಕೂರಿಸಿದೆ. ಒಬ್ಬ ಹುಡುಗ, “ನಾ ಎಂತ ಪಾಸ್‌ವರ್ಡ್ ಇಡೂದೇ?” ಎಂದು ಬಾಯಿ ತೆಗೆದದ್ದೇ ತಡ, ಅವಳು ಎರಡೂ ಕಿವಿ ಮುಚ್ಚಿಕೊಂಡಳು. “ನಂಗೆ ಹೇಳ್ಬೇಡ ಮಾರಾಯಾ! ಅವ್ರು ಇಲ್ಲೇ ಕೂತಿದಾರೆ!” ನಾನು ನಗು ತಡೆದುಕೊಂಡೆ.

ಸಂಜೆ ಕಳಿಸಲು ಹೊರಟರೆ ಫೈಲು ಆಮೆಯ ಹಾಗೆ ತೆವಳುತ್ತಿತ್ತು. ಹಾಸ್ಟೆಲಿನ ಹುಡುಗರು ಕ್ರಿಕೆಟ್ ನೋಡುತ್ತಿದ್ದರು. ಮೇಡಂ ಅವರ ಅನುಮತಿ ಪಡೆದು ಹಾಸ್ಟೆಲಿಗೆ ವಿಡಿಯೋ ನಿಲ್ಲಿಸಿದೆ. ಅಲ್ಲಿಂದ ಬಂದ ಬೈಗುಳಕ್ಕೆ ಲೆಕ್ಕವಿಲ್ಲ. ಫೈಲು ಮಾತ್ರ ಓಡಿತು. ತಲುಪಿದೆ ಎಂಬ ಒಕ್ಕಣೆಯ ಕೆಳಗೆ ನಾಲ್ಕು ಹೆಸರು ಮೂಡಿದವು.

ಹುಡುಗಿ ಮನೆಗೆ ಫೋನು ಹಚ್ಚಿದಳು. “ಹೋತು ಅಮ್ಮಾ!”

ಆ ಕಡೆಯ ದನಿ ನನಗೂ ಕೇಳಿಸಿತು. “ಯಾರ ಹೆಸ್ರಲ್ಲಿ ಹೋತೇ?”

“ನಾಲ್ಕೂ ಜನರ ಹೆಸ್ರಲ್ಲಿ. ಬೇರೆ ಬೇರೆ.”