ಹೆಳವರ ಧನಂಜಯ ರಾಜನಿಗೆ ವಂಶ ಹೇಳಿದ್ದು

ಧನಂಜಯ ಕುವೈತಿನ ಮೀನಾ ಅಬ್ದುಲ್ಲಾದಲ್ಲಿ ಒಂದು ಕಂಟ್ರಾಕ್ಟ್ ಕಂಪನಿಯ ಯಾರ್ಡಿನಲ್ಲಿ ಕೆಲಸ ಮಾಡುತ್ತಾನೆ. ದಪ್ಪ ಪೈಪುಗಳಿಗೆ ಗಾಜಿನ ಉಣ್ಣೆ ಸುತ್ತಿ ಮೇಲೆ ತಗಡು ಹೊದಿಸುವ ಕೆಲಸ. ಹನ್ನೊಂದು ವರ್ಷದಿಂದ ಅದೇ. ಆ ಉಣ್ಣೆಯ ಪುಡಿ ಮೈಗೆ ಹತ್ತಿದರೆ ತುರಿಕೆ ಬಿಡುವುದಿಲ್ಲ. ಮೊಣಕೈಯಿಂದ ಕೆಳಕ್ಕೆ ಅವನ ಚರ್ಮ ಸೀದ ರೊಟ್ಟಿಯ ಹಾಗೆ ಆಗಿತ್ತು. ನನ್ನ ಮಗಳು ಪಾವನಾ ಜಹ್ರಾದ ಕ್ಲಿನಿಕ್ಕಿನಲ್ಲಿ ನರ್ಸು. ಅವಳು ಮುಲಾಮು ಕೊಟ್ಟು, ಕೆಲಸ ಬದಲಾಯಿಸದೆ ಇದು ವಾಸಿಯಾಗುವುದಿಲ್ಲ ಎಂದು ಹೇಳಿದಳು.

ಹೋದ ಚಳಿಗಾಲ ಅವನ ಕಂಪನಿಯ ಸ್ಟೋರಿನಲ್ಲಿ ಒಂದು ಕುರ್ಚಿ ಖಾಲಿಯಾಗುವುದಿತ್ತು. ಒಳಗೆ ಏಸಿಯಲ್ಲಿ ಕೂತು ಸಾಮಾನು ಕೊಡುವ, ವಾಪಸು ತೆಗೆದುಕೊಳ್ಳುವ ಕೆಲಸ. ಯಾರನ್ನು ಕೂರಿಸುವುದು ಎನ್ನುವುದು ಶ್ಯಾಮಸುಂದರ್ ಎನ್ನುವ ಇಂಜಿನಿಯರರ ಕೈಯಲ್ಲಿತ್ತು. ಧನಂಜಯನಿಗೆ ಆ ಕುರ್ಚಿ ಬೇಕಾಗಿತ್ತು. ಶುಕ್ರವಾರ ನಮ್ಮ ಮನೆಗೆ ಊಟಕ್ಕೆ ಬಂದರೆ ಬೇರೆ ಮಾತೇ ಇರಲಿಲ್ಲ.

ನಮ್ಮ ಯಜಮಾನರು ಇದ್ದಾಗ ಜಹ್ರಾದಲ್ಲಿ ಟೈಲರ್ ಅಂಗಡಿ ಇಟ್ಟಿದ್ದರು. ಪಕ್ಕದ ತಾಲ್ಲೂಕಿನ ಹುಡುಗ ಎಂದು ಇವನ ಪ್ಯಾಂಟು ಹೊಲಿದುಕೊಟ್ಟಿದ್ದರು. ಅಂದಿನಿಂದ ಅವನು ನನ್ನನ್ನು ಅವ್ವ ಎನ್ನುತ್ತಾನೆ. ಆದರೂ ತಾನು ಹೆಳವರವನು ಎಂದು ಅವನು ನನಗೆ ಹೇಳಿದ್ದು ಆರು ವರ್ಷದ ಮೇಲೆ. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಸುಗ್ಗಿ ಮುಗಿದ ಮೇಲೆ ಬರುತ್ತಿದ್ದರು. ಮನೆ ಮುಂದೆ ನಿಂತು ಆ ಮನೆಯ ಹತ್ತು ತಲೆಮಾರಿನ ಹೆಸರನ್ನು ರಾಗವಾಗಿ ಹೇಳುತ್ತಿದ್ದರು. ಕೊಟ್ಟ ರಾಗಿ, ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ಸ್ಕೂಲಿನಲ್ಲಿ ಯಾರೋ ಅವನಿಗೆ, ನಿಮ್ಮಪ್ಪ ಬೇಡೋಕೆ ಬಂದಿದ್ದ ಎಂದಿದ್ದರಂತೆ. ಕುವೈತಿನಲ್ಲಿ ರೂಮಿನ ಜೊತೆಗಾರರಿಗೆ ಅವನು ರೈತರ ಮನೆಯವನು.

ಮೂರು ಚಳಿಗಾಲದ ಹಿಂದೆ ಒಂದು ಶುಕ್ರವಾರ ನೈಜೆಲ್ ಬಂದ. ಅವನು ಮಂಗಳೂರು ಕಡೆಯ ಕ್ರಿಶ್ಚಿಯನ್ ಹುಡುಗ, ಪಾವನಾಳ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಅವನಿಗೊಂದು ಹುಚ್ಚು. ಜಹ್ರಾ ದಾಟಿ ಮರಳಿನಲ್ಲಿ ಡೇರೆ ಹಾಕಿ, ಅವನೂ ಇನ್ನೊಂದು ನಲವತ್ತು ಜನರೂ ಎರಡು ದಿನ ಐನೂರು ವರ್ಷ ಹಿಂದಿನವರ ಹಾಗೆ ಇರುತ್ತಾರೆ. ಇಂಗ್ಲಿಷರು, ಲೆಬನಾನಿನವರು, ಫಿಲಿಪೀನ್ಸಿನವರು, ನಮ್ಮವರು, ಎಲ್ಲರೂ ಉಂಟು. ಫೋನು, ಗಡಿಯಾರ, ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ. ಕತ್ತಿವರಸೆ, ಬಿಲ್ಲುವಿದ್ಯೆ, ಬೆಂಕಿಯಲ್ಲಿ ಸುಟ್ಟ ಮಾಂಸ. ತಿಂಗಳು ಮೊದಲೇ ಚೀಟಿ ಎತ್ತಿ ಒಬ್ಬನನ್ನು ರಾಜ ಮಾಡುತ್ತಾರೆ. ನನ್ನ ಹತ್ತಿರ ಅವರ ನಿಲುವಂಗಿಗಳ ಹೊಲಿಗೆ. ಜಿಪ್ಪು ಕೂಡದು, ಮಿಷನ್ನಿನ ಹೊಲಿಗೆ ಹೊರಗೆ ಕಾಣಕೂಡದು.

"ಈ ಸಲ ಪೂರಾ ಹಾಳಾಯಿತು ಆಂಟಿ," ಎಂದ ನೈಜೆಲ್. "ರಾಜನ ಎದುರು ಹಾಡಿ ಕತೆ ಹೇಳ್ಲಿಕ್ಕೆ ಒಬ್ಬ ಸ್ಕಾಟ್ಲೆಂಡಿನವ ಇದ್ದ. ಅವನ ವೀಸಾ ಖಲಾಸ್, ಊರಿಗೆ ಹೋದ. ಹಾಡುವವ ಇಲ್ಲದೆ ಎಂತ ದರ್ಬಾರು?"

ಧನಂಜಯ ಅನ್ನಕ್ಕೆ ಸಾರು ಕಲಸುತ್ತಾ ಕೂತಿದ್ದ. "ಏನ್ ಹಾಡ್ತಿದ್ದ ಅವನು?" ಎಂದ.

"ರಾಜನ ಅಜ್ಜ ಯಾರು, ಮುತ್ತಜ್ಜ ಯಾವ ಯುದ್ಧ ಮಾಡಿದ, ಅಂಥದ್ದು. ಸುಳ್ಳೇ ಮಾರಾಯ, ಎಲ್ಲ ಕಟ್ಟಿದ್ದು."

"ಸುಳ್ಳ್ಯಾಕೆ ಹೇಳ್ಬೇಕು? ಹೆಸರು ಕೇಳ್ಕೊಂಡು ಹೇಳುದ್ರಾಯ್ತಲ್ಲ," ಎಂದು ಧನಂಜಯ ತಲೆ ಎತ್ತದೆ ಹೇಳಿದ. ಆಮೇಲೆ ಕೈ ತೊಳೆದು ಬಂದು, ನಾಲ್ಕು ಸಾಲು ಹೇಳಿದ. ಅಲ್ಲಿಯವರೆಗೆ ನಾನು ಅವನ ಆ ದನಿ ಕೇಳಿರಲಿಲ್ಲ. ಯಾರ್ಡಿನಲ್ಲಿ ಕೂಗಿ ಕೂಗಿ ಒಡೆದ ಗಂಟಲಿನಿಂದ ಅದು ಹೇಗೆ ಬಂತೋ.

ಆ ಪಾರ್ಟು ಧನಂಜಯನಿಗೇ ಆಯಿತು. ಕುವೈತ್ ಸಿಟಿಯ ಸೂಕಿನಲ್ಲಿ, ಅಲ್ಲಿನ ಹಳೆ ಪೇಟೆಯಲ್ಲಿ, ಒಂದು ಒಂಟೆಯ ಗಂಟೆ ಕೊಂಡ. ನಾನು ಕರಿ ಕಂಬಳಿಯ ಹೊದಿಕೆ ಹೊಲಿದುಕೊಟ್ಟೆ. ಮೊದಲ ವರ್ಷ ರಾಜನಾದವನು ಇಂಗ್ಲಿಷ್ ಮೇಷ್ಟ್ರು, ಎರಡನೆಯ ವರ್ಷ ಲೆಬನಾನಿನ ಅಡುಗೆಯವನು. ಅವರಿಂದ ಮೂರು ವಾರ ಮೊದಲೇ ಹಿರಿಯರ ಹೆಸರು ಬರೆಸಿಕೊಂಡು ಕನ್ನಡದಲ್ಲಿ ರಾಗ ಕಟ್ಟಿ ಹೇಳಿದ. ತಮ್ಮ ತಾತನ ಹೆಸರು ಬಂದಾಗ ಅವರಿಗೆ ಅರ್ಥವಾಗುತ್ತಿತ್ತು. ಅಷ್ಟು ಸಾಕಾಗಿತ್ತು. ರೂಮಿನವರಿಗೆ ಅವನು, ಡ್ರಾಮಾ ಕಣ್ರೋ, ಪಾರ್ಟು ಕೊಟ್ಟವ್ರೆ ಎಂದಿದ್ದ.

ಹೋದ ಚಳಿಗಾಲ ಚೀಟಿ ಎದ್ದದ್ದು ಶ್ಯಾಮಸುಂದರರ ಹೆಸರಿಗೆ. ಅವರ ಮಗಳು ಬೃಂದಾಗೆ ಹದಿನಾಲ್ಕು ವರ್ಷ. ಬಿಲ್ಲು ಹಿಡಿಯುವ ಆಸೆಯಿಂದ ಅಪ್ಪನನ್ನು ಆ ಗುಂಪಿಗೆ ಎಳೆದುಕೊಂಡು ಬಂದಿದ್ದಳು.

ಧನಂಜಯನ ಜೊತೆ ಯಾರ್ಡಿನಲ್ಲಿ ಮುತ್ತಲಿಬ್ ಎನ್ನುವವನು ಕೆಲಸ ಮಾಡುತ್ತಾನೆ, ಉಪ್ಪಿನಂಗಡಿ ಕಡೆಯ ಬ್ಯಾರಿ. ಕುರ್ಚಿಗೆ ಅವನೂ ಅರ್ಜಿ ಕೊಟ್ಟಿದ್ದ. "ನಿನ್ನದು ಆಯ್ತು ಮಾರಾಯ," ಎಂದನಂತೆ. "ಬಾಸನ್ನು ಎದುರು ಕೂರಿಸಿಕೊಂಡು ಹೊಗಳುವ ಚಾನ್ಸ್ ಯಾರಿಗೆ ಸಿಗ್ತದೆ? ನನಗೆ ಹಾಡ್ಲಿಕ್ಕೆ ಬರ್ತಿದ್ರೆ ಸ್ಟೋರು ಅಲ್ಲ, ಕಂಪನಿಯೇ ಬರೆಸಿಕೊಳ್ತಿದ್ದೆ."

ಪದ್ಧತಿಯ ಹಾಗೆ ಧನಂಜಯ ಶ್ಯಾಮಸುಂದರರ ಆಫೀಸಿಗೆ ಹೋಗಿ ಹಿರಿಯರ ಹೆಸರು ಕೇಳಿದ. ಅವರಿಗೆ ಅಪ್ಪ, ತಾತ, ಎರಡೇ ಗೊತ್ತಿದ್ದದ್ದು. ಊರು ಕೆಂಬಾರೆಕೊಪ್ಪಲು ಎಂದರು. ಹೆಳವರು ಊರುಗಳನ್ನು ತಮ್ಮೊಳಗೆ ಹಂಚಿಕೊಂಡಿರುತ್ತಾರೆ. ಕೆಂಬಾರೆಕೊಪ್ಪಲು ಅವನ ಅಪ್ಪನ ಪಾಲಿಗೆ ಬಂದ ಊರು. ಆ ಮನೆಯ ಹೆಸರೆಲ್ಲ ಅವನ ಅಪ್ಪ ವಂಶ ಬರೆದಿಡುವ ಪುಸ್ತಕದಲ್ಲಿ ಇದ್ದವು.

ಮೂರು ಶುಕ್ರವಾರ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕೂತು ಅವನು ಊರಿಗೆ ಫೋನು ಮಾಡಿ ಅಪ್ಪನಿಂದ ಹೇಳಿಸಿಕೊಂಡ. ಒಂಬತ್ತು ತಲೆಮಾರು. ಅಪ್ಪ ಕೊನೆಗೆ, "ಆ ಶ್ಯಾಮಸುಂದರನಿಗೆ ಈಗ ಗಂಡು ಎಷ್ಟು?" ಎಂದು ಕೇಳಿದ.

"ಒಂದೇ ಹೆಣ್ಣಪ್ಪ."

"ಹಂಗಾರೆ ಬಳ್ಳಿ ನಿಂತಿತು ಅಂತ ಹೇಳಿ ಗಂಟೆ ಬಾಯಿ ಮುಚ್ಚು. ಇರೋದ್ನ ಬುಡಬ್ಯಾಡ, ಇಲ್ದಿರೋದ್ನ ಸೇರುಸ್ಬ್ಯಾಡ."

ಅವರ ಮನೆತನದಲ್ಲಿ ಹಾಗೆ ನಡೆದುಬಂದಿದೆ. ಗಂಡು ಮಕ್ಕಳಿಲ್ಲದವನ ಸಾಲನ್ನು ಆ ಮಾತಿನಲ್ಲೇ ಮುಗಿಸಬೇಕು. ನಾನು ಹಿಟ್ಟು ನಾದುತ್ತಾ ಕೇಳಿಸಿಕೊಂಡೆ. "ಅದೊಂದು ಮಾತು ಬಿಟ್ಟುಬಿಡಪ್ಪ," ಎಂದೆ. "ಇಲ್ಲಿ ಯಾರು ನಿನ್ನ ತಪ್ಪು ಹಿಡಿಯೋರು? ಎದುರಿಗೆ ಕೂತಿರೋನು ನಿನಗೆ ಕುರ್ಚಿ ಕೊಡೋನು."

"ಬುಟ್ಬುಡ್ತೀನವ್ವ," ಎಂದ. "ಅವರ ಹೆಸರು ಹೇಳಿ, ಬಾಳಲಿ ಅಂತ ಮುಗುಸ್ತೀನಿ. ನಾನೇನು ಪೆದ್ದನಾ?"

ದರ್ಬಾರು ನಡೆದದ್ದು ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ. ಶ್ಯಾಮಸುಂದರ್ ಕೆಂಪು ನಿಲುವಂಗಿ ತೊಟ್ಟು ಮರದ ಪೀಠದ ಮೇಲೆ ಕೂತಿದ್ದರು. ಅದನ್ನು ಹೊಲಿದವಳು ನಾನೇ, ಹೊಟ್ಟೆಯ ಹತ್ತಿರ ಎರಡು ಸಲ ಬಿಚ್ಚಿ ಅಗಲ ಮಾಡಿದ್ದೆ. ಬೃಂದಾ ಬಿಲ್ಲು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ನಾನೂ ಸೇರಿ ಕನ್ನಡ ಬಲ್ಲವರು ಹತ್ತು ಜನ ಇದ್ದಿರಬಹುದು.

ಧನಂಜಯ ಗಂಟೆ ಬಾರಿಸಿ ಶುರು ಮಾಡಿದ.

ಹುಚ್ಚೇಗೌಡನ ಮಗನು ಕಾಳೇಗೌಡ, ಕಲ್ಲುಬಾವಿ ತೋಡಿಸಿದ ಕಾಳೇಗೌಡ,
ಕಾಳೇಗೌಡನ ಮಗನು ಸಣ್ಣಬೋರ, ಜೋಡೆತ್ತು ಕಳಕೊಂಡ ಸಣ್ಣಬೋರ...

ಶ್ಯಾಮಸುಂದರ್ ಮೊದಲು ನಗುತ್ತಾ ಕೇಳುತ್ತಿದ್ದರು. ನಾಲ್ಕನೆಯ ಹೆಸರಿಗೆ ನಗು ನಿಂತಿತು. ಅವರ ತಾತನ ಹೆಸರು ಬಂದು, ತಾತ ನಾಲೆಯ ಕೆಲಸಕ್ಕೆ ಹೋಗಿ ಕಾಲಿನ ಎರಡು ಬೆರಳು ಕಳೆದುಕೊಂಡದ್ದು ಬಂದಾಗ ಪೀಠದಿಂದ ಮುಂದಕ್ಕೆ ಬಾಗಿದರು. ಆ ಬೆರಳನ್ನು ಅವರು ಚಿಕ್ಕಂದಿನಲ್ಲಿ ನೋಡಿದ್ದರಂತೆ. ಹೀಗೆಂದು ಇವನಿಗೆ ಯಾರು ಹೇಳಿದರು ಎನ್ನುವ ಹಾಗೆ ಸುತ್ತ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡರು.

ಅವರ ಅಪ್ಪನ ಹೆಸರೂ ಆಯಿತು. ಇನ್ನು ಅವರ ಹೆಸರು ಹೇಳಿ ಬಾಳಲಿ ಎಂದಿದ್ದರೆ ಆಗಿತ್ತು. ಧನಂಜಯ ಕಣ್ಣು ಮುಚ್ಚಿದ್ದ. ರಾಗ ಇಳಿಯುವ ಜಾಗಕ್ಕೆ ಬಂದಿತ್ತು. ಶ್ಯಾಮಸುಂದರ ಎಂದ, ಹಿಂದೆಯೇ ಅಂಗೈಯಿಂದ ಗಂಟೆಯ ಬಾಯಿ ಮುಚ್ಚಿದ. "ಇಲ್ಲಿಗೆ ಬಳ್ಳಿ ನಿಂತಿತು," ಎಂದ.

ಪರದೇಶದವರು ಚಪ್ಪಾಳೆ ಹೊಡೆದರು. ನಮ್ಮವರು ಹೊಡೆಯಲಿಲ್ಲ.

ಬೃಂದಾ ಅಪ್ಪನನ್ನು ಇಂಗ್ಲಿಷಿನಲ್ಲಿ ಕೇಳಿದಳು, ಬಳ್ಳಿ ನಿಂತಿತು ಅಂದರೆ ಏನು ಎಂದು. ಅವರು ಪೀಠದಿಂದ ಎದ್ದರು. ಅವಳು ಧನಂಜಯನ ಕಡೆ ತಿರುಗಿ, ನನ್ನ ಹೆಸರು ಯಾಕೆ ಬರಲಿಲ್ಲ ಎಂದು ಅದೇ ಭಾಷೆಯಲ್ಲಿ ಕೇಳಿದಳು.

"ನಮ್ಮ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ಬರಲ್ಲಮ್ಮ," ಎಂದ ಧನಂಜಯ. "ಯಾರ ಮನೇದೂ ಬರಲ್ಲ. ನಮ್ಮನೇದೂ ಇಲ್ಲ."

ಅದು ಪೆದ್ದುತನ ಎಂದಳು. ಅವನು ಇಲ್ಲವೆನ್ನಲಿಲ್ಲ.

ವಂಶ ಹೇಳಿಸಿಕೊಂಡವನು ಏನಾದರೂ ಕೊಡಬೇಕು, ಕೊಟ್ಟರೆ ಹೇಳಿದ್ದನ್ನು ಒಪ್ಪಿದ ಎಂದು ಲೆಕ್ಕ. ಹಿಂದಿನ ರಾಜರು ಶಾಲು ಹೊದಿಸಿದ್ದರು. ಈ ರಾಜರು ನಿಲುವಂಗಿ ಎತ್ತಿ ಹಿಡಿದುಕೊಂಡು ಕಾರಿನ ಕಡೆ ಹೋದರು. ನೈಜೆಲ್ ಓಡಿ ಬಂದು, "ಎಂತ ಹೇಳಿದೆ ನೀನು? ಎಂತ ಹೇಳಿದೆ?" ಎಂದ. ಧನಂಜಯ ಕಂಬಳಿ ಮಡಿಸುತ್ತಿದ್ದ. "ಬಾಯಿಗೆ ಬಂದ್ಬುಡ್ತು," ಎಂದ.

ನಾಲ್ಕು ದಿನ ಬಿಟ್ಟು ಶ್ಯಾಮಸುಂದರ್ ಅವನನ್ನು ಆಫೀಸಿಗೆ ಕರೆದರು. ಅಲ್ಲಿ ನಡೆದ ಮಾತನ್ನು ಧನಂಜಯ ನನಗೆ ಎರಡು ಸಲ ಹೇಳಿದ್ದಾನೆ, ಎರಡು ಸಲವೂ ಒಂದೇ ಥರ.

"ಕೂತ್ಕೋ," ಎಂದರಂತೆ. ಅವರು ಕೂರಲು ಹೇಳಿದ್ದು ಅದೇ ಮೊದಲು. "ನೀನು ಹೆಳವರವನು ಅಂತ ಯಾಕೆ ಹೇಳಲಿಲ್ಲ?"

"ಯಾರೂ ಕೇಳ್ಲಿಲ್ಲ ಸಾರ್."

"ನಿಮ್ಮ ತಂದೆಯ ಪುಸ್ತಕದಲ್ಲೂ ಹಾಗೇ ಬರೆದಿದೆಯಾ? ನಿಂತಿತು ಅಂತ?"

"ಇನ್ನೂ ಬರೆದಿಲ್ಲ ಸಾರ್. ಸುಗ್ಗಿ ಆದ್ಮೇಲೆ ನಿಮ್ಮೂರಿಗೆ ಹೋದಾಗ ಬರೀತಾರೆ."

ಅವರು ಪೆನ್ನು ಕೆಳಗಿಟ್ಟರಂತೆ. "ನನ್ನ ತಮ್ಮನಿಗೆ ಒಬ್ಬ ಮಗ ಇದ್ದಾನೆ, ಪ್ರೀತಮ್ ಅಂತ. ಅವನ ಹೆಸರನ್ನ ನನ್ನ ಕೆಳಗೆ ಬರೆಯೋಕೆ ಹೇಳು. ಒಂದು ಲೈನು. ಯಾರಿಗೇನು ಲಾಸ್? ನಮ್ಮ ತಾಯಿ ಇನ್ನೂ ಊರಲ್ಲಿದ್ದಾರೆ. ಅವರ ಎದುರಿಗೆ ನಿಂತುಕೊಂಡು ನಿಮ್ಮ ತಂದೆ ಆ ಮಾತು ಹೇಳಬಾರದು." ಅದರ ಹಿಂದೆಯೇ ಹೇಳಿದರಂತೆ, "ಸ್ಟೋರ್ ವಿಷಯ ಭಾನುವಾರ ಫೈನಲ್ ಮಾಡ್ತಿದ್ದೀನಿ."

ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದರಂತೆ.

"ದತ್ತು ತಗೊಂಡಿದ್ದೀರಾ ಸಾರ್?" ಎಂದು ಧನಂಜಯ ಕೇಳಿದ.

"ಇಲ್ಲ."

"ದತ್ತು ಆಗಿದ್ರೆ ಬರೀತಾರೆ. ಸುಮ್ನೆ ಬರೆಯಕ್ಕಾಗಲ್ಲ. ಪ್ರೀತಮ್ ಹೆಸರು ನಿಮ್ಮ ತಮ್ಮನ ಕೆಳಗೆ ಆಗ್ಲೇ ಅದೆ. ಒಂದೇ ಹುಡುಗ ಎರಡು ಅಪ್ಪನ ಕೆಳಗೆ ಹೆಂಗೆ ಬರ್ತಾನೆ?"

"ನಿಮ್ಮ ತಂದೆಗೆ ಒಂದು ಫೋನ್ ಆದರೂ ಮಾಡಿ ಕೇಳು."

"ಕೇಳುದ್ರೆ ಬೇಜಾರ್ ಮಾಡ್ಕತಾರೆ ಸಾರ್. ನಾನೇ ಹೇಳ್ತಾ ಇವ್ನಿ, ಆಗಲ್ಲ." ಇಷ್ಟು ಹೇಳಿ ಎದ್ದ. ಬಾಗಿಲ ಹತ್ತಿರ ಹೋಗಿ, "ನಿಮ್ಮ ತಾಯಿ ಮುಂದೆ ಹೇಳ್ಬ್ಯಾಡಿ ಅಂತ ಬೇಕಾರೆ ಹೇಳ್ತೀನಿ. ಅವರು ಹೋದ್ಮೇಲೆ ಹೇಳ್ಲಿ. ಅಷ್ಟು ನನ್ನ ಕೈಲಾಯ್ತದೆ," ಎಂದ.

ಅವರು ಒಂದು ಫೈಲು ಎಳೆದುಕೊಂಡರಂತೆ.

ಭಾನುವಾರ ಕುರ್ಚಿ ಮುತ್ತಲಿಬನಿಗೆ ಆಯಿತು. ಮುತ್ತಲಿಬ್ ಕೆಟ್ಟವನಲ್ಲ, ಕೆಲಸ ಬಲ್ಲವನು, ಅವನಿಗೆ ಆಗುವುದರಲ್ಲಿ ಅನ್ಯಾಯ ಎನ್ನುವುದೂ ಇರಲಿಲ್ಲ. ಹಾಡದೆ ಇದ್ದಿದ್ದರೆ ಧನಂಜಯನಿಗೆ ಸಿಗುತ್ತಿತ್ತೇ ಎಂದು ನನ್ನನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಅಂದೇ ರೂಮಿನಲ್ಲಿ ಯಾರೋ, ಹೋಗಿ ಹೋಗಿ ಬಾಸಿನ ವಂಶಕ್ಕೇ ಕತ್ತರಿ ಹಾಕಿದೆಯಲ್ಲೋ, ನಿನಗೆ ಯಾರಪ್ಪ ಹೇಳಿದ್ದು ಎಂದು ನಕ್ಕರಂತೆ. "ನಮ್ಮಪ್ಪ ಹೇಳಿದ್ದು. ನಾವು ಹೆಳವ್ರು, ಅದೇ ನಮ್ಮ ಕೆಲಸ," ಎಂದು ಧನಂಜಯ ಹೇಳಿದ. ಹನ್ನೊಂದು ವರ್ಷ ಮುಚ್ಚಿಟ್ಟದ್ದನ್ನು ಹೇಳಿದ ಮೇಲೆ ಏನೋ ಆಗುತ್ತದೆ ಎಂದು ಕಾದನಂತೆ. ಒಬ್ಬನು, ಹಾಗಾದರೆ ನಮ್ಮ ಮನೆಯದೂ ಇದೆಯಾ ಎಂದು ಕೇಳಿದ. ಅವನು ರಾಯಚೂರು ಕಡೆಯವನು. ನಿಮ್ಮದು ಬೇರೆಯವರ ಹತ್ರ ಇರ್ತದೆ ಎಂದು ಇವನು ವಿವರಿಸಿ ಹೇಳಿದ.

ತಿಂಗಳಾದ ಮೇಲೆ ಶ್ಯಾಮಸುಂದರರ ಡ್ರೈವರ್ ಯಾರ್ಡಿಗೆ ಬಂದು ಒಂದು ಚೀಲ ಇಳಿಸಿದ. ಹತ್ತು ಕಿಲೋ ಅಕ್ಕಿ, ಒಂದು ಪಂಚೆ, ಒಂದು ಶಲ್ಯ. ಚೀಟಿ ಇರಲಿಲ್ಲ. ತೆಗೆದುಕೊಳ್ಳಲೋ ಬೇಡವೋ ಎಂದು ಧನಂಜಯ ನನಗೆ ಫೋನು ಮಾಡಿ ಕೇಳಿದ. ಕೊಟ್ಟವರು ಒಪ್ಪಿಕೊಂಡೇ ಕೊಟ್ಟಿದ್ದಾರೆ, ತಗೋ ಎಂದೆ. ಪಂಚೆ ಶಲ್ಯವನ್ನು ಊರಿಗೆ ಹೋಗುವವರ ಕೈಯಲ್ಲಿ ಅಪ್ಪನಿಗೆ ಕಳಿಸಿದ. ಅಕ್ಕಿಯನ್ನು ರೂಮಿನಲ್ಲಿ ಎಲ್ಲರೂ ಉಂಡರು.

ಅವನು ಈಗಲೂ ಯಾರ್ಡಿನಲ್ಲೇ ಇದ್ದಾನೆ. ಮುತ್ತಲಿಬ್ ಸ್ಟೋರಿನಿಂದ ಮೊಣಕೈವರೆಗೆ ಬರುವ ಒಳ್ಳೆಯ ಕೈಗವಸು ಹುಡುಕಿ ಕೊಟ್ಟಿದ್ದಾನೆ. ಚರ್ಮ ಸ್ವಲ್ಪ ಮೇಲು ಎನ್ನುತ್ತಾಳೆ ಪಾವನಾ, ಆದರೆ ಪೂರ್ತಿ ವಾಸಿಯಾಗಿಲ್ಲ.