ಕಮರಿ ಇಳಿದ ಅಕ್ಕ

ಪೆರುವಿನಿಂದ ಮರಳಿದಾಗ ಅಕ್ಕನ ಮೂಗಿನ ಚರ್ಮ ಸುಲಿದು ಹೋಗಿತ್ತು, ಕೆನ್ನೆಗಳು ಹಂಚಿನ ಬಣ್ಣಕ್ಕೆ ತಿರುಗಿದ್ದವು. ಇಷ್ಟು ವರ್ಷ ದುಬೈ ಬಿಸಿಲು ಮಾಡದ್ದನ್ನು ಅಲ್ಲಿನ ಬೆಟ್ಟದ ಬಿಸಿಲು ಒಂದೇ ವಾರದಲ್ಲಿ ಮಾಡಿತ್ತು. "ಉರಿಯುತ್ತದೆ ಮಾರಾಯ್ತಿ" ಎಂದು ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತ ನಗುತ್ತಿದ್ದರು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ದುಬೈಯ ಅಲ್ ನಹ್ದಾದಲ್ಲಿ ನಮ್ಮ ಎದುರು ಫ್ಲ್ಯಾಟಿನವರು, ಉಡುಪಿ ಕಡೆಯವರು. ಮಕ್ಕಳಿಲ್ಲ. ಭಾವನಿಗೆ ದೂರದ ರುವೈಸಿನ ತೈಲ ಘಟಕದಲ್ಲಿ ಕೆಲಸ. ಗುರುವಾರ ಸಂಜೆ ಬಂದರೆ ಶನಿವಾರ ಹೊರಡುವವರು. ಅವರಿಲ್ಲದ ದಿನಗಳಲ್ಲಿ ಅಕ್ಕ ಬಾಗಿಲು ತೆರೆದಿಟ್ಟು, ದೊಡ್ಡ ದನಿಯಲ್ಲಿ ಹಾಡುತ್ತ ಅಡುಗೆ ಮಾಡುತ್ತಿದ್ದರು. ಗುರುವಾರ ಆ ಬಾಗಿಲು ಮುಚ್ಚುತ್ತಿತ್ತು.

ಪೆರುವಿನ ಕಥೆಯನ್ನು ನಾನು ಕೇಳಿದ್ದು ಅವರ ಅಡುಗೆಮನೆಯಲ್ಲಿ. ಹೊಗೆಯಾಡುವ ಅಗ್ನಿಪರ್ವತ, ಬೆಟ್ಟದ ಮೈಗೆ ಮೆಟ್ಟಿಲು ಕೊರೆದಂತಿದ್ದ ಹೊಲಗಳು, ತಳ ಕಾಣದ ಕಮರಿ. ಎತ್ತರದ ಗಾಳಿ ಭಾವನಿಗೆ ಆಗಿಬರಲಿಲ್ಲ. ಹೋಟೆಲಿನಲ್ಲಿ ಆಕ್ಸಿಜನ್ ಹಾಕಿಕೊಂಡು ಮಲಗಿದರು. "ನನ್ನ ಮುಖ ನೋಡುತ್ತ ಕೂರಬೇಡ, ಹೋಗು" ಎಂದು ಗದರಿದರಂತೆ. ಅಕ್ಕ ಹೋದರು. ಟೂರಿನ ಜೊತೆಯವರು ಮೇಲಿಂದಲೇ ಫೋಟೋ ತೆಗೆದು ಬಸ್ಸು ಹತ್ತಿದರೆ, ಇವರು ಹೇಸರಗತ್ತೆ ನಡೆಸುವ ಹೆಂಗಸೊಬ್ಬಳ ಹಿಂದೆ ಕಮರಿಯೊಳಗೆ ಇಳಿದರು. ತಳದಲ್ಲಿ ನದಿ, ಪಕ್ಕದಲ್ಲೇ ಬಿಸಿನೀರಿನ ಬುಗ್ಗೆ. ಕುತ್ತಿಗೆಯವರೆಗೆ ಮುಳುಗಿ ಕೂತುಬಿಟ್ಟರು.

"ಎಷ್ಟು ಹಾಯಾಗಿತ್ತು ಗೊತ್ತುಂಟಾ? ಯಾರೂ ನನ್ನನ್ನು ಕರೆಯಲಿಲ್ಲ."

ಭಾವ ಹೇಳುವ ಕಥೆ ಬೇರೆ. ಅದರಲ್ಲಿ ತಲೆ ತಿರುಗಿ ಬಿದ್ದದ್ದು ಅಕ್ಕ, ಎಲ್ಲ ನೋಡಿದ್ದು ತಾವು. ಒಂದು ಶುಕ್ರವಾರ ಹೊಸ ಸಹೋದ್ಯೋಗಿಗಳನ್ನು ಊಟಕ್ಕೆ ಕರೆದಿದ್ದರು. ನಾವೂ ಇದ್ದೆವು.

"ಕಾಂಡರ್ ಅಂತ ದೊಡ್ಡ ಹದ್ದು. ಆಕಾಶದಿಂದ ಕಲ್ಲು ಬಿದ್ದ ಹಾಗೆ ಇಳಿಯುತ್ತದೆ. ಇವಳಿಗೆ ಎಂತ ತಿಳಿಯುತ್ತದೆ? ಕಾಂಡರ್ ತೋರಿಸುವುದೂ ಒಂದೇ, ಕೋಳಿ ತೋರಿಸುವುದೂ ಒಂದೇ!"

ಎಲ್ಲರೂ ನಕ್ಕರು. ಬಡಿಸುತ್ತಿದ್ದ ಅಕ್ಕನ ಕೈ ನಿಂತಿತು.

"ಇಳಿಯುವುದಲ್ಲ. ಬಿಸಿಲೇರಿದ ಮೇಲೆ ಕಮರಿಯಿಂದ ಏಳುತ್ತವೆ, ರೆಕ್ಕೆ ಬಡಿಯದೆ. ನಿಮಗೆ ಹೇಗೆ ಗೊತ್ತಾಗಬೇಕು? ನೀವು ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದಿರಿ."

ಈ ಸಲ ನಗು ಇನ್ನೂ ಜೋರಾಗಿತ್ತು. ಭಾವನೂ ನಕ್ಕರು. ಮತ್ತೆ ಅನ್ನ ಹಾಕಿಸಿಕೊಂಡರು.

ಮುಂದಿನ ತಿಂಗಳು ಅಕ್ಕನ ತಮ್ಮನ ಹೊಸ ಮನೆಯ ಒಕ್ಕಲಿತ್ತು. ಭಾವ ಅಕ್ಕನನ್ನು ಊರಿಗೆ ಕಳುಹಿಸಿದರು. ಹೋಗಿಬರುವ ಟಿಕೆಟನ್ನು ತಾವೇ ಮಾಡಿಸಿದರು, ಉಡಲು ಹೊಸ ಸೀರೆಯನ್ನೂ ತಂದುಕೊಟ್ಟರು. ಮರಳಬೇಕಾದ ಶುಕ್ರವಾರ ಮಂಗಳೂರು ಏರ್‌ಪೋರ್ಟಿನಿಂದ ನನಗೆ ಫೋನ್ ಬಂತು.

"ಮಾರಾಯ್ತಿ, ನನ್ನ ವೀಸಾ ಖಲಾಸ್ ಅಂತೆ. ಇವರು ಫೋನ್ ಎತ್ತುವುದಿಲ್ಲ. ಒಮ್ಮೆ ಹೋಗಿ ಕೇಳುತ್ತೀಯಾ?" ಸಾಲಿನಿಂದ ಸರಿಯಿರಿ ಎಂದು ಯಾರೋ ಅವರಿಗೆ ಹೇಳುತ್ತಿದ್ದುದು ಕೇಳಿಸಿತು.

ಅಕ್ಕ ಇದ್ದದ್ದು ಗಂಡನ ವೀಸಾದಲ್ಲಿ. ಭಾವ ಅದನ್ನು ಸದ್ದಿಲ್ಲದೆ ರದ್ದು ಮಾಡಿಸಿದ್ದರು. ನಾನು ಹೋಗಿ ಬೆಲ್ ಮಾಡಿದೆ. ಭಾವ ಬಾಗಿಲನ್ನು ಅರ್ಧ ತೆರೆದರು.

"ಒಬ್ಬಳೇ ಕಮರಿ ಇಳಿದವಳಲ್ಲವಾ? ಒಬ್ಬಳೇ ಬದುಕಲಿ" ಎಂದು ಚಿಲಕ ಹಾಕಿಕೊಂಡರು.

ಅಕ್ಕ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಉಳಿದರು. ತಮ್ಮನ ಹೆಂಡತಿ ಬಂದವರಿಗೆಲ್ಲ "ಗಂಡ ಬಿಟ್ಟವರು" ಎಂದೇ ಅವರ ಗುರುತು ಹೇಳುತ್ತಿದ್ದಳು. ಇಲ್ಲಿದ್ದ ಅವರ ಒಂದು ಬಟ್ಟೆಯನ್ನೂ ಭಾವ ಕಳುಹಿಸಲಿಲ್ಲ.

ನಾನೂ ಗಂಡನ ವೀಸಾದಲ್ಲಿದ್ದೆ. ನನ್ನ ಗಂಡ ಒಳ್ಳೆಯವರು. ಆದರೂ ಇಲ್ಲಿನ ಸಿಲಿಕಾನ್ ಓಯಸಿಸ್‌ನ ಕಂಪನಿಯೊಂದರಲ್ಲಿ ಕೆಲಸ ಹಿಡಿದು ಸ್ವಂತ ವೀಸಾ ಮಾಡಿಸಿಕೊಂಡೆ. "ನನ್ನ ಮೇಲೆ ನಂಬಿಕೆ ಇಲ್ಲವಾ?" ಎಂದು ಅವರು ಕೇಳಿದರು. ನಾನು ಅಕ್ಕನಿಗೆ ಫೋನ್ ಮಾಡಿ ತಿಳಿಸಿದೆ.

"ಒಳ್ಳೆಯದಾಯಿತು" ಎಂದರು. "ಪಾಸ್‌ಪೋರ್ಟ್ ಯಾರ ಕಪಾಟಿನಲ್ಲುಂಟು?"

"ಇವರದರಲ್ಲಿ."

"ಈಗಲೇ ತೆಗೆ" ಎಂದರು. ನಾನು ತೆಗೆಯುವವರೆಗೂ ಫೋನ್ ಇಡದೆ ಕಾದರು.