ಬಿಳಿ ಆರರಲ್ಲಿ ಹಾಡುವ ಕಾರು

ವಾದಿರಾಜರಿಗೆ ಐವತ್ತೆಂಟು ವರ್ಷ. ಬಳೇಪೇಟೆಯ ಹಳೆಯ ಕಟ್ಟಡವೊಂದರ ಎಂಟಡಿ ಅಗಲದ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದಾರೆ. ನಾದ ಹೊರಡಿಸುವ ಹಿತ್ತಾಳೆಯ ರೀಡಿನ ತುದಿಯನ್ನು ಸಣ್ಣ ಅರದಿಂದ ಉಜ್ಜಿದರೆ ಸ್ವರ ಏರುತ್ತದೆ, ಬುಡವನ್ನು ಉಜ್ಜಿದರೆ ಇಳಿಯುತ್ತದೆ. ಎಷ್ಟು ಉಜ್ಜಬೇಕು ಎಂಬುದು ಕಿವಿಗೆ ಬಿಟ್ಟ ವಿಷಯ. ಶ್ರುತಿ ತೋರಿಸುವ ಆ್ಯಪ್‌ಗಳು ಬಂದು ಎಷ್ಟೋ ವರ್ಷವಾಯಿತು. ವಾದಿರಾಜರು ಮಾತ್ರ ಫೋನನ್ನು ಡ್ರಾಯರಿನೊಳಗೆ ಹಾಕಿಯೇ ಕೆಲಸಕ್ಕೆ ಕೂರುತ್ತಾರೆ.

ಹಳೆಯ ಪೆಟ್ಟಿಗೆಗಳನ್ನು ಕೊಂಡು, ಸರಿಮಾಡಿ, ಮಾರುವುದೂ ಉಂಟು. ಹಾರ್ಮೋನಿಯಂಗೆ ಅವರು ಹೇಳುವುದು ಪೆಟ್ಟಿಗೆ ಎಂದೇ. ನುಡಿಸದೆ ಕಪಾಟಿನಲ್ಲಿಟ್ಟ ಪೆಟ್ಟಿಗೆಯ ಗಾಳಿ ಊದುವ ತಿದಿ ಬಿರುಕು ಬಿಡುತ್ತದೆ, ರೀಡುಗಳಿಗೆ ಕಿಲುಬು ಹತ್ತುತ್ತದೆ, ಎರಡು ಮಳೆಗಾಲ ಕಳೆಯುವುದರೊಳಗೆ ಅರ್ಧ ಸ್ವರಗಳು ಮೂಕವಾಗುತ್ತವೆ. ಆದ್ದರಿಂದ ನುಡಿಸುವವರು ಸಿಕ್ಕರೆ, ಕೈಯಲ್ಲಿ ದುಡ್ಡಿಲ್ಲದಿದ್ದರೂ, ಕೊಟ್ಟು ಕಳಿಸುತ್ತಾರೆ. ಅವರು ಆದಾಗ ಆದಷ್ಟು ತಂದುಕೊಡುತ್ತಾರೆ. ಇದಕ್ಕೆ ಒಂದು ಹೆಸರಿದೆ ಎಂದು ವಾದಿರಾಜರಿಗೆ ಎಂದೂ ಅನ್ನಿಸಿರಲಿಲ್ಲ.

ಅವರು ಮಾತ್ರ ಯಾರ ಹತ್ತಿರವೂ ಸಾಲ ಮಾಡಿದವರಲ್ಲ. ಚಾಮರಾಜಪೇಟೆಯ ಮನೆಯ ಫ್ರಿಜ್ಜು, ಹತ್ತೊಂಬತ್ತು ವರ್ಷದ ಸ್ಕೂಟರು, ಎಲ್ಲವೂ ಮೊದಲು ಕೂಡಿಟ್ಟು, ಆಮೇಲೆ ಎಣಿಸಿಕೊಟ್ಟು ತಂದದ್ದು. ಹೆಂಡತಿ ಮಧುರಾ ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುತ್ತಾರೆ. ಮನೆ ನಡೆಯುವುದು ಅವರ ಸಂಬಳದಲ್ಲಿ. ಅಂಗಡಿಯಲ್ಲಿ ಉಳಿದದ್ದೆಲ್ಲ ಎಫ್‌ಡಿಗೆ ಹೋಗಿ, ಈ ವರ್ಷದ ಸಂಕ್ರಾಂತಿಗೆ ಇಪ್ಪತ್ತು ಲಕ್ಷವಾಗಿತ್ತು.

ಸಂಕ್ರಾಂತಿಯ ಮಾರನೆಯ ವಾರ ಶೇಷಾದ್ರಿಪುರದಿಂದ ಕರೆ ಬಂತು. ವೃಷಭೇಂದ್ರಪ್ಪ ಎಂಬ ಎಪ್ಪತ್ತರ ಹಿರಿಯರು. ಅವರ ತಾಯಿ ಕಾಲಿನಲ್ಲಿ ತುಳಿದು ನುಡಿಸುತ್ತಿದ್ದ ದೊಡ್ಡ ಹಾರ್ಮೋನಿಯಂ ಕೆಟ್ಟಿತ್ತು. ಅದನ್ನು ಅಂಗಡಿಗೆ ಸಾಗಿಸುವುದು ಕಷ್ಟವೆಂದು ವಾದಿರಾಜರೇ ಸಾಮಾನು ಕಟ್ಟಿಕೊಂಡು ಹೋದರು. ಹಾಲಿನಲ್ಲಿ ಮುಚ್ಚಳ ತೆಗೆದು, ತೇಗದ ಹಲಗೆಯ ಮೇಲೆ ಅಂಗೈಯಿಟ್ಟು ಬಿರುಕು ಹುಡುಕುತ್ತಿದ್ದರು. ಗೋಡೆಯ ಆಚೆ ಏನೋ ಒಂದು ಎಚ್ಚರಗೊಂಡಿತು. ಅಂಗೈ ಕೆಳಗಿನ ಹಲಗೆ ತಾನಾಗಿಯೇ ಕಂಪಿಸಿತು.

ಅವರು ಕೈ ತೆಗೆಯಲಿಲ್ಲ. ಆ ನಾದ ತೀರಾ ಕೆಳಗಿತ್ತು, ಕಿವಿಗಿಂತ ಮೊದಲು ಎದೆಗೂಡಿಗೆ ಕೇಳುವಷ್ಟು. ಆಮೇಲೆ ಅದು ಏರಿತು. ಮೆಟ್ಟಿಲು ಹತ್ತಿದ ಹಾಗಲ್ಲ, ನೀರು ತುಂಬಿದ ಹಾಗೆ, ನಡುವೆ ಒಂದು ಕಡೆಯೂ ಕಡಿಯದೆ. ಏರಿ ಒಂದು ಸ್ವರದ ಮೇಲೆ ನಿಂತಿತು. ಮಂದ್ರದ ಬಿಳಿ ಆರು. ಪೆಟ್ಟಿಗೆಯ ಮೇಲೆ ಬೆರಳೊತ್ತುವ ಪಟ್ಟಿಗಳಲ್ಲಿ, ಅಂದರೆ ಮನೆಗಳಲ್ಲಿ, ಸ್ಥಾಯಿಯ ಆರನೆಯ ಬಿಳಿಯದು. ಮೂವತ್ತೊಂದು ವರ್ಷ ರೀಡು ಉಜ್ಜಿದ ಕಿವಿಗೆ ಅದರಲ್ಲಿ ಒಂದು ಕೂದಲೆಳೆಯಷ್ಟೂ ಅಪಸ್ವರ ಸಿಗಲಿಲ್ಲ.

ಎದ್ದು ಹೋಗಿ ನೋಡಿದರೆ, ಗೋಡೆಯಾಚೆಯ ಶೆಡ್ಡಿನಲ್ಲಿ ವೃಷಭೇಂದ್ರಪ್ಪ ಸ್ಟಾರ್ಟ್ ಮಾಡಿದ ಬೆಳ್ಳಿ ಬಣ್ಣದ ಕಾರೊಂದಿತ್ತು. ಎರಡೇ ಸೀಟು. ಉದ್ದನೆಯ ಮೂತಿ, ನೆಲಕ್ಕೆ ಅಂಟಿದಂತಿದ್ದ ಮೈ. ಹತ್ತು ವರ್ಷ ಹಳೆಯದು, ಆರು ಸಿಲಿಂಡರಿನ ಎಂಜಿನ್ನು. ಭಾನುವಾರ ಬಿಟ್ಟರೆ ಹೊರಗೆ ತೆಗೆದದ್ದೇ ಇಲ್ಲವಂತೆ.

"ಮಾರ್ತಿದೀನಿ ಸ್ವಾಮಿ," ಎಂದರು ವೃಷಭೇಂದ್ರಪ್ಪ. "ಮಂಡಿ ಹೋಗಿದೆ. ಒಳಗೆ ಕೂರೋದೇನೋ ಕೂತ್ಬಿಡ್ತೀನಿ, ಎತ್ತೋಕೆ ಇಬ್ಬರು ಬೇಕು. ಹದಿನೆಂಟು ಲಕ್ಷಕ್ಕೆ ಕೊಡೋಣ ಅಂತ."

"ಇನ್ನೊಂದು ಸಲ ಸ್ಟಾರ್ಟ್ ಮಾಡ್ತೀರಾ?" ಎಂದಷ್ಟೇ ಕೇಳಿದರು ವಾದಿರಾಜರು.

ಆ ದಿನ ಹಾರ್ಮೋನಿಯಂ ಕೆಲಸ ಮುಗಿಯಲಿಲ್ಲ. ಅದಕ್ಕೆಂದು ಇನ್ನೂ ನಾಲ್ಕು ಸಲ ಶೇಷಾದ್ರಿಪುರಕ್ಕೆ ಹೋದರು. ಒಂದೇ ಸಲಕ್ಕೆ ಮುಗಿಯುವ ಕೆಲಸವಾಗಿತ್ತು. ನಾಲ್ಕನೆಯ ಸಲ ವೃಷಭೇಂದ್ರಪ್ಪನವರೇ ಬೀಗದ ಕೈ ಕೊಟ್ಟು, "ಒಂದು ರೌಂಡ್ ಹೋಗ್ಬನ್ನಿ" ಎಂದರು. ಭಾವಮೈದುನನ ಕಾರು ಓಡಿಸಿ ಅಭ್ಯಾಸವಿದ್ದ ವಾದಿರಾಜರು ಒಂದು ರೌಂಡಿಗೆಂದು ಹೋಗಿ ಒಂದು ಗಂಟೆಯ ಮೇಲೆ ಬಂದರು. ಹಿರಿಯರು ಬೇಸರಿಸಿಕೊಳ್ಳಲಿಲ್ಲ. "ಸೋಮವಾರದವರೆಗೆ ಕಾಯ್ತೀನಿ. ಆಮೇಲೆ ಹೈದರಾಬಾದಿನೋರು ಬರ್ತಾರೆ, ಅವರು ಕೂಡ್ಲೇ ದುಡ್ಡು ಹಾಕ್ತಾರಂತೆ," ಎಂದರು.

ಮಧುರಾ ಬೇಡವೆನ್ನುತ್ತಾರೆಂದು ವಾದಿರಾಜರು ಎಣಿಸಿದ್ದರು. ಆಕೆ ಹುರುಳಿಕಾಯಿ ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡರು.

"ಮದುವೆಯಾಗಿ ಮೂವತ್ತು ವರ್ಷಕ್ಕೆ ಬಾಯಿಬಿಟ್ಟು ಒಂದು ಕೇಳಿದೀರಿ. ತಗೊಳ್ಳಿ. ಆದ್ರೆ ಎಫ್‌ಡಿ ಪೂರ್ತಿ ಮುರೀಬೇಡಿ, ರೀ."

"ಇನ್ನು ಹೇಗೆ?"

"ಹತ್ತು ಕೊಡಿ, ಎಂಟು ಸಾಲ ಮಾಡಿ. ಅಂಗಡಿ ಕಟ್ಟಡ ಒಡೆಸ್ತೀನಿ ಅಂತ ಓನರ್ ದೀಪಾವಳಿಯಿಂದ ಹೇಳ್ತಿದಾರೆ. ಒಡೆಸಿದ್ರೆ ಹೊಸ ಅಂಗಡಿಗೆ ಎಂಟು ಲಕ್ಷ ಅಡ್ವಾನ್ಸ್ ಬೇಕು. ಆಗ ಏನ್ಮಾಡ್ತೀರಿ? ಎರಡು ಸೀಟಲ್ಲಿ ಪೆಟ್ಟಿಗೆ ಇಟ್ಕೊಂಡು ಕೂರ್ತೀರಾ?"

ಲೆಕ್ಕ ಅವರಿಗೂ ತಿಳಿದಿತ್ತು. ಹತ್ತು ವರ್ಷ ದಾಟಿದ ಕಾರಿಗೆ ಸಾಲವಿಲ್ಲವೆಂದು ಬ್ಯಾಂಕು ಹೇಳಿತ್ತು. ಹಳೆಯ ಕಾರುಗಳಿಗೇ ಸಾಲ ಕೊಡುವ ಕಂಪನಿಯೊಂದು ನೂರಕ್ಕೆ ಹದಿನಾಲ್ಕರ ಬಡ್ಡಿ ಹೇಳಿತ್ತು. ತಿಂಗಳಿಗೆ ಇಪ್ಪತ್ತೆರಡು ಸಾವಿರ, ನಲವತ್ತೆಂಟು ಕಂತು. ಬಡ್ಡಿಯೇ ಎರಡೂವರೆ ಲಕ್ಷ. ಅವರನ್ನು ತಡೆದದ್ದು ಬಡ್ಡಿಯಲ್ಲ. ಸಾಲ ತೀರುವವರೆಗೆ ಆರ್‌ಸಿಯಲ್ಲಿ ತಮ್ಮ ಹೆಸರಿನ ಕೆಳಗೆ ಕಂಪನಿಯ ಹೆಸರೂ ಇರುತ್ತದೆ ಎಂಬುದು.

"ಇನ್ನೊಬ್ಬರ ಹೆಸರಿರೋ ಕಾರು ನಂದು ಹೇಗಾಗುತ್ತೆ ಕಣೇ? ಬಾಡಿಗೆಗೆ ತಂದ ಹಾಗಾಯ್ತು."

"ಹಾಗಾದ್ರೆ ಹೈದರಾಬಾದಿನೋರು ತಗೊಳ್ಲಿ," ಎಂದು ಮಧುರಾ ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಹೆಂಡತಿಯ ಸಮಾಧಾನಕ್ಕೆಂದು ವಾದಿರಾಜರು ಅರ್ಜಿ ಹಾಕಿದರು. ಸೋಮವಾರ ಬೆಳಿಗ್ಗೆ ಎಫ್‌ಡಿ ಮುರಿಸುವುದೆಂದು ಮನಸ್ಸಿನಲ್ಲಿ ಆಗಲೇ ನಿಶ್ಚಯವಾಗಿತ್ತು. ಕಟ್ಟಡ ಈ ವರ್ಷ ಒಡೆಸಲಾರರು ಎಂದು ತಮಗೆ ತಾವೇ ಹೇಳಿಕೊಂಡರು.

ಶನಿವಾರ ಬೆಳಿಗ್ಗೆ ಕಂಪನಿಯಿಂದ ಪೂಜಿತಾ ಎಂಬ ಇಪ್ಪತ್ತಾರರ ಹುಡುಗಿ ಅಂಗಡಿ ಪರಿಶೀಲಿಸಲು ಬಂದಳು. ಕೂರಲು ಜಾಗವಿಲ್ಲದೆ ಮುಚ್ಚಿದ ಪೆಟ್ಟಿಗೆಯೊಂದರ ಮೇಲೆ ಕೂತು ಟ್ಯಾಬ್ ತೆರೆದಳು.

"ಸರ್, ನಿಮ್ಮ ಹೆಸರಲ್ಲಿ ಒಂದು ಸಾಲಾನೂ ಇಲ್ಲ, ಕ್ರೆಡಿಟ್ ಕಾರ್ಡೂ ಇಲ್ಲ. ಸ್ಕೋರೇ ಬರ್ತಿಲ್ಲ. ನೀವು ಇದೀರ ಅಂತಾನೇ ಕಂಪ್ಯೂಟರ್‌ಗೆ ಗೊತ್ತಿಲ್ಲ."

"ಐವತ್ತೆಂಟು ವರ್ಷದಿಂದ ಇಲ್ಲೇ ಇದೀನಲ್ಲಮ್ಮ."

ಹುಡುಗಿ ನಕ್ಕಳು. ಮನೆಯಲ್ಲಿ ಮೇಡಂಗೆ ಬರುವ ಸಂಬಳದ ಆಧಾರದ ಮೇಲೆ, ಅವರ ಸಹಿಯೂ ಇದ್ದರೆ, ಆಗಬಹುದು ಎಂದಳು. ಅಷ್ಟರಲ್ಲಿ ಆಂಜಿನಯ್ಯ ಬಂದರು. ನಿವೃತ್ತ ಬಸ್ ಕಂಡಕ್ಟರು, ವಾದಿರಾಜರ ಬಡಾವಣೆಯ ಭಜನಾ ಮಂಡಳಿಯಲ್ಲಿ ಪೆಟ್ಟಿಗೆ ನುಡಿಸುವವರು; ಆ ಪೆಟ್ಟಿಗೆ ಇಲ್ಲಿಂದಲೇ ಹೋದದ್ದು. ಜೇಬಿನಿಂದ ಐನೂರರ ಎರಡು ನೋಟು ತೆಗೆದು ಮೇಜಿನ ಮೇಲಿಟ್ಟರು.

"ಇದು ಸೇರಿ ಹನ್ನೆರಡು ಸಲ ಆಯ್ತು ಅಲ್ವಾ?" ಎಂದರು ವಾದಿರಾಜರು.

"ಹನ್ನೊಂದು ಸ್ವಾಮಿ. ಆಷಾಢದಲ್ಲಿ ಒಂದು ತಪ್ಪಿಸ್ದೆ. ಕಂಡಕ್ಟರ್‌ಗೇ ಟಿಕೆಟ್ ಲೆಕ್ಕ ಹೇಳ್ತೀರಾ?"

"ಸರಿ, ಹನ್ನೊಂದು. ತಿದಿ ಹೇಗಿದೆ?"

"ನನ್ನ ಶ್ವಾಸಕೋಶಕ್ಕಿಂತ ವಾಸಿ." ಅವರು ಹೊರಟೇ ಹೋದರು.

ಪೂಜಿತಾ ನೋಟುಗಳನ್ನೂ ಬಾಗಿಲನ್ನೂ ನೋಡಿದಳು. "ಸರ್, ಇದು ಎಲ್ಲೂ ಬರ್ಕೊಳ್ಳಲ್ವಾ? ಅಗ್ರಿಮೆಂಟು?"

"ಏನಕ್ಕೆ?"

"ಕೊಡದೇ ಇದ್ರೆ?"

"ತಪ್ಪಿಸಿದ್ದನ್ನ ಅವರೇ ಬಂದು ಹೇಳಿದ್ರಲ್ಲ."

"ಅದು ಸರಿ ಸರ್. ಆದ್ರೂ ಪೂರ್ತಿ ಕೊಡೋವರೆಗೂ ಪೆಟ್ಟಿಗೆ ನಿಮ್ದೇ ಅಲ್ವಾ?"

ಎಂಥ ಪ್ರಶ್ನೆ ಎಂಬಂತೆ ವಾದಿರಾಜರು ಅವಳನ್ನು ನೋಡಿದರು. "ನಂದು ಹೇಗಾಗುತ್ತಮ್ಮ? ಇಲ್ಲಿಂದ ಎತ್ಕೊಂಡು ಹೋದ ದಿನವೇ ಅವರದಾಯ್ತು. ದಿನಾ ಕೂತು ನುಡಿಸೋರು ಅವರು. ದುಡ್ಡು ಬಾಕಿ ಇರಬಹುದು, ಪೆಟ್ಟಿಗೆ..."

ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಅರವೂ ರೀಡಿನ ಮೇಲೆ ಹಾಗೇ ನಿಂತಿತು. ಹೊರಗೆ ಕೈಗಾಡಿಯವನೊಬ್ಬ ದಾರಿ ಬಿಡಿ ಎಂದು ಕೂಗುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಹೀಗೆ ಬಾಕಿಯಿಟ್ಟುಕೊಂಡು ಹೋದ ಪೆಟ್ಟಿಗೆಗಳು ಇನ್ನೂರಾದರೂ ಇರಬೇಕು. ಗವೀಪುರದಲ್ಲಿ, ಹನುಮಂತನಗರದಲ್ಲಿ, ಮಲ್ಲೇಶ್ವರದ ಯಾವುದೋ ಮಹಡಿಯಲ್ಲಿ. ಅವುಗಳಲ್ಲಿ ಒಂದನ್ನೂ ಅವರು ತಮ್ಮದೆಂದು ನೆನೆದಿರಲಿಲ್ಲ. ಅಷ್ಟೂ ಪೆಟ್ಟಿಗೆಗಳು ಈ ಹೊತ್ತು ಊರಿನ ತುಂಬ ಉಸಿರಾಡುತ್ತಿವೆ ಎಂಬುದು ಅವರಿಗೆ ಮೊದಲ ಸಲ ಹೊಳೆಯಿತು.

"ಸರ್?" ಎಂದಳು ಪೂಜಿತಾ.

ಅವರು ಡ್ರಾಯರು ತೆಗೆದು ಫೋನೆತ್ತಿಕೊಂಡರು. ಕೆಲಸದ ಹೊತ್ತಿನಲ್ಲಿ ಗಂಡನ ಫೋನು ಬಂದದ್ದಕ್ಕೆ ಮಧುರಾ ಗಾಬರಿಯಾದರು.

"ಏನಾಯ್ತು ರೀ?"

"ಏನಿಲ್ಲ. ಆ ಸಾಲದ ಫಾರಂಗೆ ನಿನ್ನ ಸಹಿ ಬೇಕಂತೆ. ಸ್ಕೂಲ್ ಬಿಟ್ಟ ತಕ್ಷಣ ಇಲ್ಲಿಗೆ ಬಂದ್ಬಿಡು."

"ಬರ್ತೀನಿ," ಎಂದರು ಮಧುರಾ.

ಸೋಮವಾರ ವೃಷಭೇಂದ್ರಪ್ಪನವರಿಗೆ ಹತ್ತು ಲಕ್ಷದ ಚೆಕ್ಕು ಕೊಟ್ಟರು, ಉಳಿದದ್ದನ್ನು ಕಂಪನಿ ಅದೇ ವಾರ ಹಾಕಿತು. ಎರಡನೆಯ ಕಂತು ಕಟ್ಟುವ ಹೊತ್ತಿಗೆ ಆರ್‌ಸಿ ಕಾರ್ಡು ಬಂತು. ತಮ್ಮ ಹೆಸರು, ಕೆಳಗೆ ಕಂಪನಿಯ ಹೆಸರು. ವಾದಿರಾಜರು ಎರಡನ್ನೂ ಓದಿ ಜೇಬಿಗೆ ಹಾಕಿಕೊಂಡರು. ಕಟ್ಟಡದ ಓನರ್ ಯುಗಾದಿ ಕಳೆದ ಮೇಲೆ ಖಾಲಿ ಮಾಡಿ ಎಂದು ನೋಟಿಸು ಅಂಟಿಸಿದಾಗ, ಎಫ್‌ಡಿಯಲ್ಲಿ ಉಳಿದಿದ್ದ ಹತ್ತರಲ್ಲಿ ಎಂಟು ತೆಗೆದು ಎರಡು ಗಲ್ಲಿ ಆಚೆ ಹೊಸ ಅಂಗಡಿ ಹಿಡಿದರು. ಅದು ಏಳಡಿ ಅಗಲ.

ಮಾರನೆಯ ಭಾನುವಾರ ಬೆಳಿಗ್ಗೆ ಭಜನೆ ಮುಗಿಸಿ ಬಂದ ಆಂಜಿನಯ್ಯ ಚಾಮರಾಜಪೇಟೆಯ ಮನೆಯ ಮುಂದೆ ನಿಂತ ಬೆಳ್ಳಿ ಕಾರನ್ನು ಒಂದು ಸುತ್ತು ಹಾಕಿದರು.

"ಇದೇನ್ ಸ್ವಾಮಿ, ಇಬ್ಬರಿಗಿಂತ ಜಾಸ್ತಿ ಹತ್ತಂಗಿಲ್ವಾ? ರೈಟ್ ರೈಟ್ ಅನ್ನೋಕೆ ಜಾಗಾನೇ ಇಲ್ಲ. ಎಲ್ಲಾ ದುಡ್ಡು ಕೊಟ್ಟಾಯ್ತಾ?"

"ಎಲ್ಲಿ? ಇನ್ನೂ ನಲವತ್ತೈದು ಕಂತಿದೆ."

"ನಂದು ಆರು." ಆಂಜಿನಯ್ಯ ಮೈ ಬಗ್ಗಿಸಿ, ಏದುಸಿರು ಬಿಡುತ್ತ ಪಕ್ಕದ ಸೀಟಿಗೆ ಇಳಿದರು. "ಹ್ಞೂಂ, ನುಡಿಸಿ ನೋಡೋಣ."

ವಾದಿರಾಜರು ಬೀಗದ ಕೈ ತಿರುಗಿಸಿದರು. ಆಕ್ಸಿಲರೇಟರನ್ನು ಪಾದದಿಂದ ಮೆಲ್ಲಗೆ ಒತ್ತಿದರು. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಎರಡು ಸಾವಿರದ ಇನ್ನೂರರ ಗೆರೆಗೆ ಬಂದು ನಿಂತಿತು. ಆಂಜಿನಯ್ಯನವರ ಬೆರಳುಗಳು ಅವರಿಗೆ ಅರಿವಿಲ್ಲದೆಯೇ ತೊಡೆಯ ಮೇಲೆ ಮನೆ ಹುಡುಕತೊಡಗಿದವು. ಆರನೆಯ ಬಿಳಿ ಮನೆಗೆ ಬಂದು ನಿಂತವು. ಅವರು ತಿರುಗಿ ವಾದಿರಾಜರ ಮುಖ ನೋಡಿದರು, ಏನೋ ಹೇಳಲು ಬಾಯಿ ತೆರೆದರು. ಬಂದದ್ದು ಅದೇ ಶ್ರುತಿಯ ಷಡ್ಜ.